ಮಗ್ಗದ ಕುಣಿಯ ನೀರು

ಬೆಟಗೇರಿಯ ನೀಲಾ ಇಪ್ಪತ್ತೆಂಟು ವರ್ಷ ತನ್ನ ಅಕ್ಕ ಕರಿಯವ್ವನಿಗೆ ನೂಲು ಸುತ್ತಿಕೊಟ್ಟವಳು. ಹಿತ್ತಲಿನ ತಗಡಿನ ಚಪ್ಪರದಡಿ ಅವರ ಕುಣಿಮಗ್ಗವಿತ್ತು. ಅಕ್ಕ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುವಳು. ನೀಲಾ ಪಕ್ಕದಲ್ಲಿ ಕೂತು ರಾಟಿ ತಿರುಗಿಸುವಳು. ಇಬ್ಬರೂ ಮದುವೆಯಾಗಿರಲಿಲ್ಲ. ಕಳೆದ ವರ್ಷ ಯುಗಾದಿಗೆ ಮುಂಚೆ ಕರಿಯವ್ವ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ನೇಯುವುದು ನೀಲಾಳಿಗೆ ಬರುತ್ತಿರಲಿಲ್ಲ. ಅವಳೂ ಕಲಿಸೆಂದು ಕೇಳಿರಲಿಲ್ಲ, ಅಕ್ಕನೂ ಕಲಿಸಿರಲಿಲ್ಲ.

ಶಿರಹಟ್ಟಿಯಲ್ಲಿ ನೇಕಾರನಾಗಿದ್ದ ಸಂಬಂಧಿ ಸೋಮೇಶ ಬಂದು ಮಗ್ಗ ಬಿಚ್ಚಿಕೊಂಡು ಹೋದ. ತುಕ್ಕು ಹಿಡಿದ ತಗಡುಗಳನ್ನೂ ಇಳಿಸಿದ. ಕಲ್ಲು ಕಟ್ಟಿದ ಕುಣಿ ಮಾತ್ರ ಬಿಸಿಲಿಗೆ ಬಾಯಿ ತೆರೆದುಕೊಂಡು ಉಳಿಯಿತು.

“ಇದನ್ನ ಮುಚ್ಚಿಸಿಬಿಡ್ರಿ ಚಿಗವ್ವಾ. ಕಾಲ ಜಾರಿ ಬಿದ್ರ ಎತ್ತಾವ್ರು ಯಾರದಾರ?” ಎಂದ ಹೊರಡುವಾಗ.

ಮಾತು ಖರೆಯೇ ಆಗಿತ್ತು. ಆದರೂ ಅಕ್ಕ ಕಾಲಿಟ್ಟ ಜಾಗಕ್ಕೆ ಮಣ್ಣು ಸುರಿಸಲು ನೀಲಾಳಿಗೆ ಮನಸ್ಸಾಗಲಿಲ್ಲ.

ಮೊದಲ ದೊಡ್ಡ ಮಳೆಗೆ ಕುಣಿ ತುಂಬಿತು. ನಾಲ್ಕೇ ದಿನಕ್ಕೆ ಎಲ್ಲಿಂದಲೋ ಎರಡು ಕಪ್ಪೆ ಬಂದು ಸೇರಿದವು. ಒಳಗೆ ಕೂತರೆ ತುತ್ತು ಇಳಿಯದಿದ್ದ ನೀಲಾ ತಾಟು ಹಿಡಿದು ಹಿತ್ತಲಿಗೆ ಬರತೊಡಗಿದಳು. ಒಂದು ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಅಳಿಲೊಂದು ಸತ್ತು ತೇಲುತ್ತಿತ್ತು. ಕುಡಿಯಲು ಬಂದು ಬಿದ್ದಿರಬೇಕು. ನೆಟ್ಟಗಿನ ಕಲ್ಲುಗೋಡೆಯ ಹಾವಸೆಯ ಮೇಲೆ ಅದರ ಉಗುರಿನ ಗೆರೆಗಳಿದ್ದವು. ಅದನ್ನು ಕರಿಬೇವಿನ ಬುಡದಲ್ಲಿ ಹೂತು, ಹಿಂದಿನ ಓಣಿಯ ಗೌಂಡಿ ಫಕ್ರುಸಾಬನನ್ನು ಕರೆಸಿದಳು.

“ಮುಚ್ಚಬೇಕೇನ್ರಿ ನೀಲಕ್ಕಾ?”

“ಬ್ಯಾಡ್ರಿ. ಒಂದ ಕಡಿ ಗ್ವಾಡಿ ಒಡದು ಇಳಿಜಾರ ಮಾಡ್ರಿ. ಬಿದ್ದದ್ದು ಹತ್ತಿ ಹೋಗುವಂಗಿರಬೇಕು.”

ಫಕ್ರುಸಾಬ ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಸಲಿಕೆ ಹಿಡಿದ. ಕುಣಿ ಹೊರಸು ಮಂಚದಷ್ಟು ಅಗಲವಾಯಿತು. ಡೋಣಿ ಊರಿನ ಕಡೆ ಕೆಲಸಕ್ಕೆ ಹೋದಾಗ ಅಲ್ಲಿನ ಕೆರೆಯ ಜಿಗುಟು ಮಣ್ಣು ತಂದು ತಳಕ್ಕೆ ತುಳಿದು ಮೆತ್ತಿದ. ಹಸಿ ಗೋಣಿಯಲ್ಲಿ ಸುತ್ತಿ ಒಂದು ನೈದಿಲೆ ಗಡ್ಡೆಯನ್ನೂ ತಂದಿದ್ದ.

ದಸರೆಯ ಹೊತ್ತಿಗೆ ಮೂರು ಎಲೆ ತೇಲಿದವು. ಏರೋಪ್ಲೇನ್ ಚಿಟ್ಟೆಗಳು ಬಂದು ನೀರಿನಲ್ಲಿ ಮೊಟ್ಟೆಯಿಟ್ಟವು. ಇಳಿಜಾರಿನ ತೆಳು ನೀರಿನಲ್ಲಿ ಪಿಕಳಾರ ಹಕ್ಕಿಗಳ ಜೋಡಿಯೊಂದು ಮಧ್ಯಾಹ್ನಕ್ಕೊಮ್ಮೆ ಸ್ನಾನ ಮಾಡಿ ಹೋಗುತ್ತಿತ್ತು. “ಅಕ್ಕಾ, ಇಲ್ನೋಡ” ಎಂದು ನೀಲಾ ಎಷ್ಟೋ ಸಲ ತಿರುಗಿದ್ದಳು. ತಿರುಗಿದ ಮೇಲೆ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು.

ಅದೇ ತಿಂಗಳು ಪಕ್ಕದ ಮನೆಯ ನಾಗರತ್ನಾಳ ಮಗಳಿಗೆ ಡೆಂಗಿ ಬಂತು. ಹುಡುಗಿ ಆಸ್ಪತ್ರೆಯಿಂದ ಬಂದ ದಿನವೇ ನಾಗರತ್ನಾ ಹಿತ್ತಲುಗಳ ನಡುವಿನ ಗೋಡೆಯ ಹತ್ತಿರ ಬಂದು ನಿಂತಳು.

“ನಿನ್ನ ಹೊಂಡದ್ದ ಸೊಳ್ಳಿ ಇದು, ನೀಲಕ್ಕಾ. ನನ್ನ ಕೂಸಿಗೆ ಏನರ ಆಗಿದ್ರ?”

ಮರುದಿನ ಆಶಾ ಕಾರ್ಯಕರ್ತೆ ರುಹಿ ಬಿಳಿ ಬಟ್ಟಲು ಹಿಡಿದು ಬಂದಳು. ಹೊಂಡದ ನೀರನ್ನು ನಾಲ್ಕು ಕಡೆ ಮೊಗೆದು ನೋಡಿದಳು. “ಸೊಳ್ಳಿಮರಿ ಒಂದೂ ಇಲ್ರಿ. ನೀರಾಗಿನ ಈ ಏರೋಪ್ಲೇನ್ ಚಿಟ್ಟಿ ಮರಿಗೋಳು ಎಲ್ಲಾ ತಿಂದಾವ” ಎಂದಳು. ಆಮೇಲೆ ಓಣಿಯ ಮನೆಗಳನ್ನೆಲ್ಲ ನೋಡುತ್ತ ಹೋದವಳಿಗೆ ನಾಗರತ್ನಾ ನೀರು ತುಂಬಿಟ್ಟ ಡ್ರಮ್ಮಿನಲ್ಲಿ ಸೊಳ್ಳೆಮರಿಗಳು ಸಿಕ್ಕವು. ರುಹಿ ಡ್ರಮ್ ಬೋರಲು ಹಾಕಿಸಿದಳು. ಓಣಿಯ ಹೆಂಗಸರು ನಿಂತು ನೋಡಿದರು.

ನೀಲಾ ಆ ಬಗ್ಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೂ ನಾಗರತ್ನಾ ಅಂದಿನಿಂದ ಮಾತು ಬಿಟ್ಟಳು. ಅಕ್ಕ ಹೋದ ಮೇಲೆ ದಿನಕ್ಕೊಮ್ಮೆಯಾದರೂ ನೀಲಾಳ ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ.

ಬೇಸಿಗೆ ಬಂತು. ನಳದ ನೀರಿಗೆ ಕಾಯುವ ದಿನಗಳು ಹೆಚ್ಚಿದವು. ಹೊಂಡ ತಳ ಹಿಡಿಯತೊಡಗಿದಾಗ ನೀಲಾ ದಿನ ಬಿಟ್ಟು ದಿನ ಸ್ನಾನ ಮಾಡಿ, ಉಳಿಸಿದ ಒಂದು ಕೊಡ ನೀರನ್ನು ಅದಕ್ಕೆ ಸುರಿಯುತ್ತಿದ್ದಳು.

“ಮಂದಿ ಕೊಡ ಹಿಡಕೊಂಡು ತಿರಗಾಕತ್ತಾರ. ಇಲ್ಲೆ ನೋಡಿದ್ರ ನೀರು ಮಣ್ಣಿಗೆ ಹೊಂಟೈತಿ.” ಗೋಡೆಯಾಚೆ ನಾಗರತ್ನಾ ಯಾರಿಗೋ ಎಂಬಂತೆ ಅಂದಳು.

ಆರು ತಿಂಗಳಲ್ಲಿ ಆ ಕಡೆಯಿಂದ ಬಂದ ಮೊದಲ ಮಾತು ಅದು. ಅವಳು ಮುಂದೆ ಇನ್ನೇನಾದರೂ ಅಂದಾಳೆಂದು ನೀಲಾ ಖಾಲಿ ಕೊಡ ಹಿಡಿದು ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಬಸವ ಜಯಂತಿ ಆಗಿ ಎರಡು ದಿನಕ್ಕೆ, ನಡುಮಧ್ಯಾಹ್ನ, ಹಿತ್ತಲ ಹಿಂದಿನ ಬೇಲಿಯ ಸಂದಿಯಿಂದ ಮುಂಗುಸಿಯೊಂದು ನುಸುಳಿ ಬಂತು. ಹಿಂದೆ ಎರಡು ಮರಿ. ಬಾಗಿಲಲ್ಲಿ ಕೂತಿದ್ದ ನೀಲಾಳನ್ನು ತಾಯಿ ದಿಟ್ಟಿಸಿ ನೋಡಿ, ಅಂಜದೆ ನೀರಿಗಿಳಿಯಿತು. ಮರಿಗಳು ಅದರ ಹೊಟ್ಟೆಗೆ ಅಂಟಿಕೊಂಡೇ ಕುಡಿದವು. ನೀಲಾ ಮೆಲ್ಲಗೆ ಎದ್ದು ಗೋಡೆಯ ಹತ್ತಿರ ಹೋದಳು.

“ನಾಗರತ್ನಾ, ಸಪ್ಪಳ ಮಾಡಬ್ಯಾಡ. ಇಲ್ಲೆ ಬಾ.”

ಸ್ವಲ್ಪ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲು ಏರಿದ ನಾಗರತ್ನಾಳ ತಲೆ ಗೋಡೆಯ ಮೇಲೆ ಕಂಡಿತು. ಇಬ್ಬರೂ ಮರಿಗಳು ಕುಡಿಯುವುದನ್ನು ನೋಡಿದರು.

“ಮರಿ ಭಾಳ ಸಣ್ಣವು,” ಎಂದಳು ನಾಗರತ್ನಾ.

“ಹೂಂ.”

“ಊಟ ಆತೇನ ನಿಂದು?”

“ಇನ್ನೂ ಇಲ್ಲ.”

ನಾಗರತ್ನಾ ಕಲ್ಲಿನಿಂದ ಇಳಿದು ಹೋದಳು. ಆ ದಿನ ಮತ್ತೆ ಕಾಣಲಿಲ್ಲ, ಮರುದಿನವೂ. ಮೂರನೆಯ ದಿನ ನಸುಕಿನಲ್ಲಿ ಯಾರೋ ಆಚೆ ಮನೆಯಿಂದ ಗೋಡೆ ತಟ್ಟಿದರು.

“ನೀಲಕ್ಕಾ, ನಳಾ ಬಂದೈತಿ. ಜಲ್ದಿ ಏಳ.”

ನೀಲಾ ಕೊಡ ಹುಡುಕುತ್ತ ಎದ್ದಳು.