ಮೂಲ ಪುಸ್ತಕ ನಾಶವಾದ ಕಾರಣ

ತನ್ನ ಹೆಸರಿಗೆ ತಾನೇ ಬೆಂಕಿ ಇಟ್ಕೊಂಡ ಕತ್ತೆ ಇವನು, ನೋಡ್ರಪ್ಪಾ ಎಲ್ಲಾರೂ, ಜನನದ ಪುಸ್ತಕ ಸುಟ್ಟೋನೇ ಈಗ ಪುಸ್ತಕದಲ್ಲಿ ನನ್ನ ಹೆಸರು ಬರ್ಕೊಡಿ ಅಂತ ಬಂದು ನಿಂತವ್ನೆ — ಪುರಸಭೆಯ ಗುಮಾಸ್ತ ದಾನ್ ಹೆರಿಬೆರ್ತೊ ಕನ್ನಡಕದ ಮೇಲಿಂದ ನೋಡುತ್ತ ಹೇಳುತ್ತಾನೆ, ಸಾಲು ನಗುತ್ತದೆ, ಮೊದಲು ಹಿಂದಿನವರು, ಆಮೇಲೆ ನನ್ನ ಪಕ್ಕದವರೂ, ಗೋಡೆಯ ಬೆಂಚಿನ ಮೇಲೆ ಕೂತ ವಿಶ್ವಸಂಸ್ಥೆಯ ನೀಲಿ ಟೋಪಿಯ ಪರದೇಶಿ ವೀಕ್ಷಕ ಏನೂ ತಿಳಿಯದಿದ್ದರೂ ಎಲ್ಲರ ಜೊತೆ ಹಲ್ಲು ಕಿರಿಯುತ್ತಾನೆ, ನಗಲಿ, ಈ ವರ್ಷ ಇಡೀ ದೇಶವೇ ನಗುತ್ತಿದೆಯಲ್ಲ, ಜನವರಿಯಲ್ಲಿ ಸಾನ್ ಸಾಲ್ವಡಾರ್‌ನ ಚೌಕದಲ್ಲಿ ನಾನೂ ನಕ್ಕವನೇ, ಗುರುತಿಲ್ಲದ ಹೆಂಗಸೊಬ್ಬಳು ನನ್ನ ಕೆನ್ನೆ ಹಿಡಿದು ಯುದ್ಧ ಮುಗೀತು ಮಗನೇ ಮುಗೀತು ಅಂತ ಕಿವಿಯಲ್ಲಿ ಕೂಗಿದಳು, ಸೈನ್ಯಕ್ಕೂ ಬೆಟ್ಟದಲ್ಲಿದ್ದ ನಮಗೂ ಹನ್ನೆರಡು ವರ್ಷದ ಯುದ್ಧ, ಒಂದು ಕಾಗದಕ್ಕೆ ನಾಲ್ಕು ಸಹಿ ಬಿದ್ದು ಮುಗಿಯಿತು, ಆಗಲೇ ತಿಳಿಯಬೇಕಿತ್ತು ಇನ್ನು ಮುಂದೆ ಎಲ್ಲವೂ ಕಾಗದವೇ ಎಂದು. ಬಂದೂಕು ಒಪ್ಪಿಸುವಾಗಲೂ ಕಾಗದ, ನೀಲಿ ಟೋಪಿಯವರು ಬಿಳಿ ಜೀಪಿನ ಮುಂದೆ ಮೇಜು ಹಾಕಿಕೊಂಡು ಕೂತಿದ್ದರು, ಬಂದೂಕಿನ ನಂಬರು ಬರೆದುಕೊಂಡರು, ಹೆಸರು ಕೇಳಿದರು, ನೆರಿ ಎಂದೆ, ಅದು ಬೆಟ್ಟದಲ್ಲಿ ಸಿಕ್ಕ ಹೆಸರು, ಸತ್ತವನೊಬ್ಬನದು, ನಮ್ಮಲ್ಲಿ ಒಬ್ಬ ಬಿದ್ದರೆ ಅವನ ಹೆಸರನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ, ಬಂದೂಕು ಎತ್ತಿಕೊಂಡ ಹಾಗೆ — ಅದಲ್ಲಪ್ಪ, ನಿಮ್ಮಮ್ಮ ಇಟ್ಟ ಹೆಸರು ಹೇಳು — ಅಬಿಲಿಯೊ ಎಂದೆ, ಬಾಯಿಗೆ ಬೇರೆ ಯಾರದೋ ಚಪ್ಪಲಿ ಹಾಕಿಕೊಂಡ ಹಾಗಾಯಿತು. ಬಂದೂಕಿಗೆ ನಂಬರಿತ್ತು, ನನಗೆ ಏನೂ ಇರಲಿಲ್ಲ. ಬರೀ ನೆಲವಿತ್ತು, ಹೊಳೆಯಾಚೆಯ ಆ ಇಳಿಜಾರು, ಅದರ ಯಜಮಾನ ಮಯಾಮಿಗೆ ಓಡಿಹೋಗಿ ಹತ್ತು ವರ್ಷ, ಮೇ ತಿಂಗಳಲ್ಲಿ ಕೋಲಿನಿಂದ ತೂತು ಹೊಡೆದು ಮೆಕ್ಕೆಜೋಳ ಬಿತ್ತಿದವನು ನಾನು, ಆಗಸ್ಟಿನಲ್ಲಿ ಒಂದೊಂದೇ ದಂಟು ಅರ್ಧಕ್ಕೆ ಮುರಿದು ತೆನೆಯ ತಲೆ ಕೆಳಗೆ ಮಾಡಿ ಒಣಗಲು ಬಿಟ್ಟವನು ನಾನು, ಈಗ ಡಿಸೆಂಬರ್, ತೆನೆ ಗುಡಿಸಲೊಳಗಿದೆ, ನಾಳೆ ಸಂಜೆ ಐದಕ್ಕೆ ಉಳುವವರಿಗೆ ನೆಲ ಬರೆದುಕೊಡುವ ಪಟ್ಟಿ ಮುಚ್ಚುತ್ತದೆ, ಜನನಪತ್ರ ಇಲ್ಲದವನ ಹೆಸರು ಪಟ್ಟಿಗಿಲ್ಲ, ಇಳಿಜಾರು ಇನ್ನೊಬ್ಬನಿಗೆ.

ಸಾಕು ಬಿಡಿ ದಾನ್ ಹೆರಿಬೆರ್ತೊ, ಹುಡುಗನ್ನ ಹಿಂಡಬೇಡಿ, ಬರ್ಕೊಳ್ಳಿ, ನನ್ನ ಕೈಯಾರೆ ಎಳೆದು ಹಾಕಿದ ಕೂಸು ಇದು, ಕಾಲು ಮುಂದಾಗಿ ಬಂತು, ಆಗಿನಿಂದ್ಲೂ ಹಿಂಗೇ ತಿರುಗಾಮುರುಗಾ — ನನ್ನ ಸಾಕ್ಷಿ, ಸೂಲಗಿತ್ತಿ ನಿನ್ಯಾ ತ್ರಾನ್ಸಿತೊ, ನಿನ್ಯಾ ಎಂದರೆ ಹುಡುಗಿ, ನಮ್ಮಲ್ಲಿ ಎಂಬತ್ತು ದಾಟಿದರೂ ಮರ್ಯಾದೆಗೆ ಹಾಗೇ ಕರೆಯುವುದು, ಹಲ್ಲಿಲ್ಲದ ಹುಡುಗಿ ನನ್ನ ಮೊಣಕೈ ಹಿಡಿದು ನಿಂತಿದ್ದಾಳೆ, ದಾನ್ ಹೆರಿಬೆರ್ತೊ ಟೈಪ್‌ರೈಟರಿಗೆ ಹಾಳೆ ತುರುಕುತ್ತಾನೆ, ಅದೇ ಟೈಪ್‌ರೈಟರು, ಎಡಗಡೆ ಹಿಡಿ ಮುರಿದದ್ದು — ಐದು ವರ್ಷದ ಹಿಂದೆ, ಇದೇ ಕೋಣೆ, ಬೆಟ್ಟದಿಂದ ಇಳಿದು ನುಗ್ಗಿದ್ದೇವೆ, ನನಗೆ ಹದಿನಾಲ್ಕು, ಪುಸ್ತಕಗಳನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡು ಹೊರಗೆ ಹಾಕುತ್ತಿದ್ದೇನೆ, ಅವುಗಳನ್ನು ನೋಡಿಯೇ ಸೈನ್ಯ ಯಾವ ಮನೆಯಲ್ಲಿ ಯಾವ ಮಗನಿಗೆ ಬಂದೂಕು ಹಿಡಿಯುವ ವಯಸ್ಸಾಯಿತು ಎಂದು ಲೆಕ್ಕ ಹಾಕಿ ಬಂದು ಎಳೆದೊಯ್ಯುತ್ತಿತ್ತು, ಸುಡಬೇಕಿತ್ತು, ಇವತ್ತೂ ಹೇಳುತ್ತೇನೆ ಸುಡಲೇಬೇಕಿತ್ತು, ಅಕ್ಕ ಸೊಯ್ಲಾ ಮಾತ್ರ ಒಂದು ಪುಸ್ತಕ ಬಿಡಿಸಿ ನಿಂತಿದ್ದಾಳೆ, ತಡಿಯೋ, ನಮ್ಮ ಹಾಳೆ ಎಲ್ಲಿದೆ ನೋಡ್ತೀನಿ, ಅಮ್ಮನ ಹೆಸರು ಹೆಂಗೆ ಬರ್ದವ್ರೆ ನೋಡ್ಬೇಕು — ಬಾ ಅಕ್ಕಾ ಟ್ರಕ್ ಬರ್ತವೆ, ಅಂತ ಅವಳ ಕೈಯಿಂದ ಕಿತ್ತು ಎಸೆದವನು ನಾನೇ, ಹಾಳೆಗಳು ಕಪ್ಪಾಗಿ ಮೇಲೆದ್ದು ಇಗರ್ಜಿಯ ಗೋಪುರದವರೆಗೂ ಹಾರಿದವು. ಯಾರೋ ಟೈಪ್‌ರೈಟರನ್ನೂ ಎತ್ತಿದರು, ಮೇಜಿನಡಿ ಮುದುಡಿಕೊಂಡಿದ್ದ ದಾನ್ ಹೆರಿಬೆರ್ತೊ ಅಯ್ಯೋ ನನ್ನ ಹೊಟ್ಟೆಪಾಡು ಎಂದು ಅತ್ತ, ಸೊಯ್ಲಾ ನಕ್ಕಳು, ಇಟ್ಟುಬಿಡ್ರೋ, ಅದಕ್ಕೆ ಯಾರ ಹೆಸರೂ ಗೊತ್ತಿಲ್ಲ. ಇಟ್ಟೆವು. ಹೊಳೆ ದಾಟುವಾಗ ವಿಮಾನ ಬಂತು. ದಡದಲ್ಲಿ ನಾನಿದ್ದೆ, ನೀರಿನಲ್ಲಿ ಅವಳಿದ್ದಳು. ಕಪ್ಪು ಹಾಳೆಗಳು ಅಲ್ಲಿಯವರೆಗೂ ಬಂದು ನೀರಿನ ಮೇಲೆ ತೇಲುತ್ತಿದ್ದವು.

ಟಕಟಕ ಟಕಟಕ, ಗಂಟೆ ಬಡಿಯಿತು, ದಾನ್ ಹೆರಿಬೆರ್ತೊ ಹಾಳೆ ಎಳೆದು ಇಡೀ ಸಾಲಿಗೆ ಕೇಳುವಂತೆ ಓದುತ್ತಾನೆ — ದುಷ್ಕರ್ಮಿ ಭಯೋತ್ಪಾದಕರ ಕೈಯಿಂದ ಮೂಲ ಪುಸ್ತಕ ನಾಶವಾದ ಕಾರಣ, ಕೆಳಗೆ ಗುರುತು ಹಾಕಿದವನು, ಹೆಸರು ಅಬಿಲಿಯೊ, ಇದನ್ನು ನಿಜವೆಂದು ಒಪ್ಪಿ ಪ್ರಮಾಣ ಮಾಡುತ್ತಾನೆ — ಆಮೇಲೆ ಸಹಿ ಬರುತ್ತದೆಯೇ ಎಂದು ಕೇಳುವುದೂ ಇಲ್ಲ, ನನ್ನ ಹೆಬ್ಬೆಟ್ಟು ಎಳೆದು ಶಾಯಿ ಡಬ್ಬಿಗೆ ಒತ್ತುತ್ತಾನೆ, ಬರುತ್ತದೆ ಮುದುಕಾ, ಮೂರನೇ ಕ್ಲಾಸಿಗೆ ಬಿಟ್ಟವನಿಗೂ ಬರುತ್ತದೆ, ಸೊಯ್ಲಾ ಕಲಿಸಿದ್ದಾಳೆ, ಕಾಡಿನಲ್ಲಿ ಇದ್ದಿಲಿನಿಂದ ಬಂಡೆಯ ಮೇಲೆ, ಹಾಳೆಯ ಕಡೆ ಎಳೆದ ಕೈಯನ್ನು ಹಿಂದಕ್ಕೆ ಜಗ್ಗುತ್ತೇನೆ. ಏನೋ, ಮೊದಲ ಸಾಲು ಹಿಡಿಸಲಿಲ್ವಾ, ಯುದ್ಧದಲ್ಲಿ ಸುಟ್ಟುಹೋಯ್ತು ಅಂತ ಬರೀಲಾ, ಯಾರು ಸುಟ್ರು ಅಂತ ಕೇಳಿದ್ರೆ ಮಿಂಚು ಹೊಡೀತು ಅನ್ನಲಾ — ಮತ್ತೆ ನಗು. ಒತ್ತಿಬಿಡು ಮಗಾ, ನಿನ್ಯಾ ತ್ರಾನ್ಸಿತೊ ಕಿವಿಯಲ್ಲಿ, ನಾನೂ ಒತ್ತಿದೀನಿ, ಈ ಸಾಲಲ್ಲಿರೋರೆಲ್ಲ ಒತ್ತೋರೇ, ನೆಲ ದೊಡ್ದು ಮಗಾ, ಕಾಗದಕ್ಕೇನು ಗೊತ್ತಾಗ್ತದೆ. ಗೊತ್ತಾಗುತ್ತದೆ ನಿನ್ಯಾ, ಕಾಗದಕ್ಕಲ್ಲದೆ ಇನ್ನಾರಿಗೆ, ಸೊಯ್ಲಾ ಹುಟ್ಟಿದ ಹಾಳೆ ಸುಟ್ಟದ್ದು ನಾನು, ಅವಳು ಸತ್ತದ್ದನ್ನು ಯಾರೂ ಬರೆದುಕೊಂಡಿಲ್ಲ, ಇಡೀ ದೇಶದಲ್ಲಿ ಅವಳ ಬಗ್ಗೆ ಉಳಿಯುವುದು ಈ ಒಂದೇ ಸಾಲು, ದುಷ್ಕರ್ಮಿ, ಅವಳು ಉಳಿಸಿಕೊಟ್ಟ ಯಂತ್ರವೇ ಹೊಡೆದದ್ದು, ಅದರ ಕೆಳಗೆ ಸಾಕ್ಷಿಗೆ ಅವಳ ತಮ್ಮನ ಬೆರಳು ಬೇಕಂತೆ, ಇಳಿಜಾರು ಹೋಗಲಿ, ಹೋಗಲಾರದು, ನನ್ನ ಕೋಲು ಹೊಡೆದ ತೂತುಗಳು ಅಲ್ಲೇ ಇವೆ, ಮೇ ತಿಂಗಳಲ್ಲಿ ಮತ್ತೆ ಹೊಡೆಯುತ್ತೇನೆ, ಪಟ್ಟಿ ಹಿಡಿದು ಬರುವವನು ಬರಲಿ, ನಿನ್ನ ಹೆಸರೇನೋ ಎಂದು ಕೇಳಲಿ — ಒತ್ತುತ್ತೀಯೋ ಇಲ್ವೋ ಕತ್ತೆ, ಹಿಂದೆ ಜನ ಕಾಯ್ತವ್ರೆ, ಬಾಯಿ ಬಿಡು — ಕೈ ಬಿಡಿಸಿಕೊಂಡೆ, ತಿರುಗಿದೆ, ನಗು ಅರ್ಧಕ್ಕೆ ಕಡಿಯಿತು, ಸಾಲು ತಾನಾಗಿ ಎರಡಾಗಿ ದಾರಿ ಬಿಟ್ಟಿತು, ಏಯ್, ಉತ್ತರ ಕೊಟ್ಟು ಹೋಗೋ, ಏಯ್, ನಡೆಯುತ್ತೇನೆ, ವೀಕ್ಷಕ ಬೆಂಚಿನಿಂದ ಎದ್ದು ನಿಂತಿದ್ದಾನೆ, ಬಾಗಿಲು, ಬಿಸಿಲು, ಶಾಯಿ ಇನ್ನೂ ಹಸಿ, ಅಂಗಿಗೆ ತಾಗಬಾರದು, ಗೋಡೆಗೂ ತಾಗಬಾರದು, ಕೈ ಮುಂದೆ ಚಾಚಿಕೊಂಡೇ ನಡೆಯುತ್ತೇನೆ, ಹೆಬ್ಬೆಟ್ಟು, ಕಪ್ಪು ಹೆಬ್ಬೆಟ್ಟು, ಎಲ್ಲಿಯೂ ಒತ್ತದ ಹೆಬ್ಬೆಟ್ಟು