ಗುಡುಗು ಕಾದ ಗುಡಾಣ

"ದೂರ ನಿಂತ್ಕಳೇ, ಮುಂಡೆ. ನಿನ್ನ ಉಸಿರು ತಾಗಿದ್ರೆ ಗುಡಾಣನೇ ಮೈಲಿಗೆ."

ಪೂಜಾರಿ ಲುಪ್ಪಕ್ಕಿ ಕೋಲಿನಿಂದ ಅಣ್ಣಿತ್ತಿಯ ಎದೆಗೆ ತಿವಿದ. ಅವಳ ಕಂಕುಳಲ್ಲಿದ್ದ ಮೊಮ್ಮಗಳು ಅಳಲಿಲ್ಲ. ಅಳುವ ಶಕ್ತಿ ನಿನ್ನೆಯೇ ಮುಗಿದಿತ್ತು.

ಗುಡಿಯಂಗಳದಲ್ಲಿ ಕುತ್ತಿಗೆಯವರೆಗೆ ಹೂತಿದ್ದ ಆ ಗುಡಾಣದ ತುಂಬ ಗೋಧಿ. ಸುಗ್ಗಿಯಲ್ಲಿ ಅಣ್ಣಿತ್ತಿಯಂಥ ಬೀಸುವ ಹೆಂಗಸರೇ ಹೊತ್ತು ತಂದು ಸುರಿದದ್ದು. ಚಳಿಗಾಲ ಕಳೆದು ಮೊದಲ ಗುಡುಗು ಕೇಳಿದ ಮೇಲೆಯೇ ಮುಚ್ಚಳ ತೆಗೆಯಬೇಕು, ಅದನ್ನು ಬೀಸಿ ದೇವಿಗೆ ರೊಟ್ಟಿ ಸುಡಬೇಕು, ಮಿಕ್ಕರೆ ಊರಿಗೆ. ಈ ಸಲ ಹಿಮ ಕರಗಿ ಬೆಟ್ಟದಲ್ಲಿ ಕೇಸರಿ ಹೂ ಬಿಟ್ಟರೂ ಆಕಾಶ ತುಟಿ ಬಿಚ್ಚಿರಲಿಲ್ಲ.

"ಒಂದು ಬೊಗಸೆ ಸಾಕು ಬುದ್ದಿ. ಮಗು ಕಣ್ಣು ಬಿಡ್ತಿಲ್ಲ."

"ಗುಡುಗ್ಲಿ. ಆಮೇಲೆ ಬಾ."

"ನಿಮ್ಮನೆ ಒಲೆ ದಿನಾ ಉರೀತದಲ್ಲ, ಅದ್ಯಾವ ಗುಡುಗು ಕೇಳಿ?"

ಲುಪ್ಪಕ್ಕಿಯ ನುಣ್ಣನೆ ಬೋಳಿಸಿದ ಕೆನ್ನೆ ಕೆಂಪಾಯಿತು. "ಅದು ದೇವಿ ಉಂಡುಳಿದದ್ದು ಕಣೇ. ನಿನ್ನ ಗಂಡ ಏನಾದ ಅಂತ ಮರ್ತ್ಯಾ?"

ಮರೆಯುವುದುಂಟೇ? ದೇವಿಯ ಬಿಂದಿಗೆಯಲ್ಲಿ ಒಂದು ಕೂದಲು ಸಿಕ್ಕಿತೆಂದು, ನೀರು ಹೊರುತ್ತಿದ್ದ ಅವನನ್ನು ಕೊಂದಿದ್ದರು. ಅವನದು ಬೋಳುತಲೆ. ಅದನ್ನು ಯಾರೂ ಎತ್ತಿ ಆಡಲಿಲ್ಲ.

ಅಣ್ಣಿತ್ತಿ ಬೀಸುವ ಕೊಟ್ಟಿಗೆಗೆ ಬಂದಳು. ಹೆಂಗಸರು ಕಲ್ಲು ತೊಳೆದಿಟ್ಟು ಆಕಾಶ ನೋಡುತ್ತ ಕೂತಿದ್ದರು. ಮಗುವನ್ನು ಪಕ್ಕದ ಕಲ್ಲಿನಲ್ಲಿ ಬೀಸುವ ತಿತ್ತಾಳ ಮಡಿಲಿಗೆ ಹಾಕಿದಳು. ದೇವಿಯ ಕಾಳಿನ ಹತ್ತಿರ ಹೋಗುವಾಗ ಕಟ್ಟಲೇಬೇಕಾದ ಬಟ್ಟೆಯನ್ನು ರೂಢಿಯಂತೆ ಬಾಯಿಗೆ ಬಿಗಿದು, ತನ್ನ ಬೀಸುಗಲ್ಲನ್ನು ಎತ್ತಿಕೊಂಡಳು.

"ಕಲ್ಲು ಎಲ್ಲಿಗಕ್ಕಾ?" ತಿತ್ತಾ ಕೇಳಿದಳು.

"ಗುಡುಗ್ಸಕ್ಕೆ."

ತಿತ್ತಾ ಅವಳ ತೋಳು ಹಿಡಿದಳು. "ಬ್ಯಾಡಕ್ಕಾ, ನಮ್ಮ ವಂಶನೇ ಉಳ್ಸಲ್ಲ ಅವ್ರು."

"ಈಗೇನು ಉಳಿಸ್ತಾವ್ರೆ?"

ಅಂಗಳದ ನಡುವೆ ನಿಂತು ಅಣ್ಣಿತ್ತಿ ಕಲ್ಲನ್ನು ತಲೆಯ ಮೇಲೆತ್ತಿ ಮುಚ್ಚಳದ ಮೇಲೆ ಕುಕ್ಕಿದಳು. ಮುಚ್ಚಳ ಒಡೆದು ಹೋಳಾಯಿತು; ಸದ್ದು ಬೆಟ್ಟಕ್ಕೆ ಬಡಿದು ಹಿಂದಿರುಗಿತು. ಲುಪ್ಪಕ್ಕಿ ಬಾಯ ತುತ್ತನ್ನು ನುಂಗುವುದನ್ನೂ ಮರೆತು ಬಾಗಿಲಿಗೆ ಬಂದ.

"ಕೇಳ್ತಾ ಬುದ್ದಿ?"

ಅವನು ಕಾವಲಿನವರನ್ನು ಕೂಗಿದ. ಕೋಟೆಯ ಕಡೆಯಿಂದ ಕೊಂಬಿನ ದನಿ ಎದ್ದಿತು. ಹೆಂಗಸರು ಒಬ್ಬೊಬ್ಬರಾಗಿ ಅಂಗಳಕ್ಕಿಳಿದು ಒಡೆದ ಗುಡಾಣದ ಸುತ್ತ ಗೋಡೆ ಕಟ್ಟಿದಂತೆ ನಿಂತರು. ಯಾರ ಬಾಯಿಗೂ ಬಟ್ಟೆಯಿರಲಿಲ್ಲ.

ಅಣ್ಣಿತ್ತಿ ತನ್ನದನ್ನೂ ಕಿತ್ತೆಸೆದಳು. ದೇವಿ ಇನ್ನೂ ಮುಟ್ಟದ ಗೋಧಿಯನ್ನು ಬಾಯಿಗೆ ಹಾಕಿ ನುಣ್ಣಗೆ ಅಗಿದು, ಬೆರಳಲ್ಲಿ ತೆಗೆದು ತಿತ್ತಾಳ ತೋಳಲ್ಲಿದ್ದ ಮೊಮ್ಮಗಳ ನಾಲಿಗೆಗೆ ಸವರಿದಳು.

ಕಾಲ್ಸಪ್ಪಳ ಹತ್ತಿರವಾಗುತ್ತಿತ್ತು. ಯಾರೂ ಅತ್ತ ತಿರುಗಲಿಲ್ಲ. ಮಗು ನುಂಗುತ್ತದೋ ಎಂದು ಅದರ ಗಂಟಲನ್ನೇ ನೋಡುತ್ತ ನಿಂತರು.