ಅಳಗುಳಿ ಮಣೆಯ ಗಣಿತ

ವಿಷ್ಣುಮೂರ್ತಿಗಳು ನಡೆದರೆ ಅವರ ಕರಿಯ ಕೋಟಿನ ಜೇಬು ಗಲಗಲ ಸದ್ದು ಮಾಡುತ್ತಿತ್ತು. ಪ್ಯಾರೀಸ್ ಕಾರ್ನರಿನ ಆ ವಿಮಾ ಕಚೇರಿಯಲ್ಲಿ ಹೊಸಬರು ಅದನ್ನು ಚಿಲ್ಲರೆಯೆಂದು ತಿಳಿಯುತ್ತಿದ್ದರು. ತೊಳೆದು ಒಣಗಿಸಿದ ಹುಣಿಸೆಬೀಜವೆಂದು ಹಳಬರಿಗೆ ಗೊತ್ತಿತ್ತು.

ಇಂಟರ್‌ಮೀಡಿಯೆಟ್ಟಿಗೇ ಓದು ನಿಂತಿದ್ದ ಅವರು ಮೂರ್ ಮಾರ್ಕೆಟ್ಟಿನ ಹಳೆಯ ಪುಸ್ತಕಗಳನ್ನು ನೆಚ್ಚಿಕೊಂಡು ಕಲನಶಾಸ್ತ್ರವನ್ನೂ ಅದರಾಚೆಯ ಗಣಿತವನ್ನೂ ಇಪ್ಪತ್ತು ವರ್ಷ ಒಬ್ಬರೇ ಕಲಿತವರು. ಕೇಳಲು ಯಾರೂ ಇಲ್ಲದ್ದರಿಂದ, ತಿಳಿಯದ ಪುಟವನ್ನು ತಿಳಿಯುವ ತನಕ ಕೈಯಾರೆ ನಕಲು ಮಾಡುತ್ತಿದ್ದರು. ಸಾವಿರದ ಒಂಬೈನೂರ ಅರುವತ್ತಾರರಲ್ಲಿ, ಕಚೇರಿಗೆ ಬರಬೇಕಾದ ಗಣಕಯಂತ್ರ ಇನ್ನೂ ಹಡಗಿನಲ್ಲಿದ್ದಾಗಲೇ ಅದರ ಕೈಪಿಡಿಯನ್ನು ಎರವಲು ತಂದರು. ಹೆಂಡತಿ ಅಂಬುಜಾ ತವರಿನಿಂದ ತಂದಿದ್ದ ಅಳಗುಳಿ ಮಣೆಯೇ ಅವರ ಯಂತ್ರವಾಯಿತು: ಹದಿನಾಲ್ಕು ಗುಳಿ, ಹದಿನಾಲ್ಕು ನೆನಪಿನ ಮನೆ. ಹಾಳೆಯಲ್ಲಿ ಬರೆದ ಆದೇಶಗಳನ್ನು ಒಂದೊಂದಾಗಿ ಓದುತ್ತ, ಬೀಜಗಳನ್ನು ಗುಳಿಯಿಂದ ಗುಳಿಗೆ ಸಾಗಿಸುವರು.

“ಏನ್ರೀ, ನಿಮ್ಮ ಯಂತ್ರಕ್ಕೆ ಬೀಜ ಸಾಕೋ, ಇನ್ನೊಂದು ದಿನ ಪುಳಿಯೋಗರೆ ಮಾಡ್ಲೋ?” ಎಂದು ಅಂಬುಜಾ ಚುಡಾಯಿಸುತ್ತಿದ್ದರು.

ಯಂತ್ರ ಬಂತು. ಅದರ ವಿಭಾಗಕ್ಕೆ ಆರು ಮಂದಿಯನ್ನು ಆರಿಸಬೇಕಿತ್ತು. ನಲವತ್ತು ದಾಟಿದವರು ಬೇಡವೆಂದು ಮೇಲಿನವರ ಸೂಚನೆಯಿತ್ತು. ವಿಷ್ಣುಮೂರ್ತಿಗಳಿಗೆ ನಲವತ್ತೇಳು. ಆದರೂ ಯಂತ್ರದ ಹೊಣೆ ಹೊತ್ತ ತರುಣ ಅಧಿಕಾರಿ ಬದರಿನಾಥನಿಗೆ ಅವರ ಹಾಳೆಗಳನ್ನು ಕಂಡು ಗೌರವ ಮೂಡಿತ್ತು.

“ನೀವು ಬರೆದಿದ್ದನ್ನ ಯಂತ್ರದಲ್ಲಿ ಒಂದ್ಸಲ ಓಡಿಸೋಣ ಸಾರ್. ಸರಿ ಬಂದ್ರೆ ನಿಮ್ಮ ಹೆಸರು ಸೇರಿಸ್ತೀನಿ. ಐದು ಗಂಟೆಗೆ ಪಟ್ಟಿ ಮೇಲಕ್ಕೆ ಹೋಗತ್ತೆ, ಆಮೇಲೆ ನನ್ನ ಕೈಲಿಲ್ಲ.”

ಊರೂರಿನ ವಿಮಾದಾರರನ್ನು ವಯಸ್ಸಿನಂತೆ ಎಣಿಸುವ ಪ್ರೋಗ್ರಾಂ ಅದು. ಮೊದಲ ಊರು ತಿರುಚ್ಚಿಯ ಸಾಲು ಸರಿಯಾಗಿತ್ತು. ಎರಡನೆಯದನ್ನು ಓದಿ, ಯಂತ್ರ ಓದುವಂತೆ ಆದೇಶಗಳನ್ನು ಕಾರ್ಡುಗಳಲ್ಲಿ ತೂತು ಹಾಕುವ ಶೀನ ನಕ್ಕುಬಿಟ್ಟ.

“ಎನ್ನ ಸಾರ್ ಇದು! ತಿರುಚ್ಚಿ ಜನ ಎಲ್ಲಾ ಸೇಲಂಗೆ ಬಂದು ಕೂತ್ಬಿಟ್ಟಿದ್ದಾರೆ!”

ವಿಷ್ಣುಮೂರ್ತಿಗಳು ನಗಲಿಲ್ಲ. ಗುಳಿಯಿಂದ ಬೀಜ ಎತ್ತಿದರೆ ಗುಳಿ ಬರಿದಾಗುತ್ತದೆ. ಯಂತ್ರವೋ ಸಂಖ್ಯೆಯ ಪ್ರತಿಯನ್ನಷ್ಟೇ ಒಯ್ದು, ಮೂಲವನ್ನು ಇದ್ದಲ್ಲೇ ಉಳಿಸಿಕೊಂಡಿತ್ತು. ಹಳೆಯದನ್ನು ಅಳಿಸೆಂದು ಅವರು ಎಲ್ಲೂ ಬರೆದಿರಲಿಲ್ಲ; ತಿರುಚ್ಚಿಯ ಎಣಿಕೆಯ ಮೇಲೆಯೇ ಸೇಲಂನದು ಕೂಡಿಕೊಂಡಿತ್ತು.

“ಕೊಟ್ಟ ಮೇಲೂ ತನ್ನ ಹತ್ರ ಇರತ್ತೇನಪ್ಪಾ!” ಎಂದರು, ಮಗುವಿನ ಬೆರಗಿನಲ್ಲಿ.

ಬದರಿನಾಥ ಗಡಿಯಾರ ನೋಡಿ ತಲೆ ತಗ್ಗಿಸಿದ. ಪಟ್ಟಿ ಅವರ ಹೆಸರಿಲ್ಲದೆ ಹೋಯಿತು.

ಮುಂದಿನ ವಾರ, ಯಂತ್ರ ಬಿಡುವಾಗಿದ್ದ ಒಂದು ಮಧ್ಯಾಹ್ನ, ಅವರು ಅನುಮತಿ ಬೇಡಿ, ಹಳೆಯದನ್ನು ಅಳಿಸುವ ಒಂದೇ ಒಂದು ಕಾರ್ಡು ಸೇರಿಸಿ ಪ್ರೋಗ್ರಾಂ ಓಡಿಸಿದರು. ಕೊನೆಯ ಸಾಲಿನವರೆಗೂ ನಿಂತು ಓದಿ, ಕಡತಗಳ ಮೇಜಿಗೆ ಮರಳಿದರು.

“ಆ ಕೆಲಸ ಸಿಕ್ತೇನ್ರೀ?” ಎಂದರು ಅಂದು ಸಂಜೆ, ಪಟ್ಟಿಯ ವಿಷಯ ಇನ್ನೂ ತಿಳಿಯದಿದ್ದ ಅಂಬುಜಾ.

“ಕೆಲಸ ಇಲ್ಲ. ಉತ್ತರ ಸಿಕ್ತು.”

ಆಕೆ ಅಂದು ಚುಡಾಯಿಸಲಿಲ್ಲ.

ಒಂಟಿಯಾಗಿ ಕಲಿಯುವವರ ಸಂಕಟವೇ ಇದು. ತಪ್ಪು ಮೊಳೆತಾಗಲೇ ಕೈ ಹಿಡಿದು ತಡೆಯುವವರಿಲ್ಲ. ಅದು ಅವರೊಡನೆ ಸದ್ದಿಲ್ಲದೆ ಬೆಳೆದು, ನಾಲ್ಕು ಜನ ನೋಡುವ ದಿನವೇ ಎದುರು ಬಂದು ನಿಲ್ಲುತ್ತದೆ. ಆಗ ಬಾಗಿಲು ಹಾಕಿಕೊಳ್ಳುವವರು ಬಹಳ. ಅಷ್ಟು ತಡವಾಗಿ ಬಂದ ಆ ತಪ್ಪನ್ನೇ ತಮಗೆ ದೊರೆತ ಮೊದಲ ಗುರುವೆಂದು ಒಳಗೆ ಕರೆದು ಕೂರಿಸುವವರು, ಎಲ್ಲೋ ಒಬ್ಬರು.